ಐದನೇ ತಾರೀಕಿನ ಮಗು ನಾಲ್ಕನೇ ತಾರೀಕಿಗೆ ಜಾರಿದ್ದು ಹೇಗೆ?

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಹತ್ತನೇ ತರಗತಿ ಮುಗಿಸಿದ ಮಗಳ ವಿದ್ಯಾರ್ಥಿವೇತನದ ಅರ್ಜಿಯನ್ನು ತಂದೆ ಊರಿನ ಸೈಬರ್ ಸೆಂಟರಿನಲ್ಲಿ ಕೂತು ತುಂಬಿಸುತ್ತಿದ್ದಾರೆ. ಹುಟ್ಟಿದ ದಿನ 2009ರ ಜೂನ್ 5. ಪರದೆಯ ಮೇಲೆ ತೆರೆದುಕೊಂಡ ಪುಟ್ಟ ಕ್ಯಾಲೆಂಡರಿನಲ್ಲಿ ಐದರ ಮೇಲೆಯೇ ಒತ್ತಿದ್ದಾಯಿತು. ಅರ್ಜಿ ಹೋಯಿತು. ಮುದ್ರಿಸಿಕೊಂಡ ಪ್ರತಿ ನೋಡಿದರೆ ಜೂನ್ 4! 'ನೀವೇ ಪಕ್ಕದ ಅಂಕಿ ಒತ್ತಿರಬೇಕು ಸಾರ್' ಎನ್ನುತ್ತಾನೆ ಸೆಂಟರಿನ ಹುಡುಗ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ತುಂಬಿದರೆ ಮತ್ತೆ ನಾಲ್ಕೇ.

ಒಂದು ದಿನದ ವ್ಯತ್ಯಾಸ ತಾನೇ, ಅದರಲ್ಲೇನು ಎನ್ನಬೇಡಿ. ನಮ್ಮ ಹಿರಿಯರ ಕಾಲದಲ್ಲಿ ಎಷ್ಟೋ ಮಕ್ಕಳ ಹುಟ್ಟಿದ ದಿನವನ್ನು ಹೆಡ್‌ಮಾಸ್ತರರೇ ನಿರ್ಧರಿಸುತ್ತಿದ್ದರು. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸಿನ ಲೆಕ್ಕ ಸರಿಹೋಗುವಂತೆ ಒಂದು ತಾರೀಕು ಬರೆದರೆ ಮುಗಿಯಿತು. ಅರ್ಧ ತರಗತಿಗೆ ಒಂದೇ ಹುಟ್ಟುಹಬ್ಬ. ಈಗ ಹಾಗಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಐದು, ಅರ್ಜಿಯಲ್ಲಿ ನಾಲ್ಕು ಎಂದಿದ್ದರೆ ಎರಡನ್ನೂ ತಾಳೆ ನೋಡುವುದು ಹೆಚ್ಚಾಗಿ ಇನ್ನೊಂದು ಗಣಕಯಂತ್ರ. ಗುಮಾಸ್ತರಾದರೆ 'ಹೋಗಲಿ ಬಿಡಿ' ಎಂದಾರು. ಯಂತ್ರ ಎನ್ನುವುದಿಲ್ಲ. ಅರ್ಜಿ ತಿರಸ್ಕೃತವಾಗುತ್ತದೆ, ತಿದ್ದಿಸಲು ಓಡಾಡುವಷ್ಟರಲ್ಲಿ ಕೊನೆಯ ದಿನ ಕಳೆದಿರುತ್ತದೆ.

ತಂದೆಯ ಬೆರಳು ತಪ್ಪಿರಲಿಲ್ಲ. ದಿನ ಜಾರಿದ್ದು ನಡುದಾರಿಯಲ್ಲಿ. ಪರದೆಯ ಹಿಂದಿನ ಪ್ರೋಗ್ರಾಂ ಆ ದಿನಾಂಕವನ್ನು ಮೂಟೆ ಕಟ್ಟಿ ದೂರದ ಕಚೇರಿಯ ಕಂಪ್ಯೂಟರಿಗೆ ರವಾನಿಸುವಾಗ. ಈ ಮೂಟೆ ಕಟ್ಟುವ ಕೆಲಸಕ್ಕೆ ಸೀರಿಯಲೈಸೇಶನ್ ಎಂಬ ದೊಡ್ಡ ಹೆಸರಿದೆ. ಕಂಪ್ಯೂಟರ್ ಓದುವ ಮಕ್ಕಳಿಗೆ ಪಾಠದಲ್ಲಿ ಇದು ಒಂದು ಪುಟ ಬಂದರೆ ಹೆಚ್ಚು. ಆದರೆ ನಮ್ಮ ಹೆಸರು, ವಯಸ್ಸು, ಅಂಕ, ಖಾತೆ ಸಂಖ್ಯೆ ಎಲ್ಲವೂ ದಿನಕ್ಕೆ ನೂರು ಬಾರಿ ಹೀಗೆ ಮೂಟೆಯಾಗಿ ಹೋಗಿ ಬಿಚ್ಚಿಕೊಳ್ಳುತ್ತಿರುವ ಕಾಲವಿದು. ಮೂಟೆ ಕಟ್ಟುವ ರೀತಿಯನ್ನು ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ವಾರ ನೋಡೋಣ.

*

ಮೊದಲು ತಂತಿ ಕಚೇರಿಗೆ ಹೋಗಿ ಬರೋಣ. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಮನೆಯಲ್ಲಿ ಅಜ್ಜ-ಅಜ್ಜಿಯರಿದ್ದರೆ ಶುಭಾಶಯದ ತಂತಿಯ ಬಗ್ಗೆ ಕೇಳಿ ನೋಡಿ. ದೀಪಾವಳಿ, ಈದ್, ಹೊಸ ವರ್ಷ, ಮದುವೆ, ಪರೀಕ್ಷೆಯಲ್ಲಿ ತೇರ್ಗಡೆ, ಹೀಗೆ ಒಂದೊಂದು ಸಂದರ್ಭಕ್ಕೂ ಇಲಾಖೆ ಸಿದ್ಧವಾಕ್ಯಗಳನ್ನು ಮಾಡಿಟ್ಟು ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟಿತ್ತು. ನೀವು ಫಾರಂನಲ್ಲಿ ಸಂಖ್ಯೆ ಬರೆದರೆ ಸಾಕು. ತಂತಿಯ ಮೇಲೆ ಹೋಗುತ್ತಿದ್ದುದು ಆ ಸಂಖ್ಯೆ ಮಾತ್ರ. ಆ ಕಡೆಯ ಕಚೇರಿಯವರು ತಮ್ಮ ಪಟ್ಟಿ ನೋಡಿ ಪೂರ್ತಿ ವಾಕ್ಯವನ್ನು ಅಚ್ಚುಕಟ್ಟಾಗಿ ಬರೆದು ಮನೆಗೆ ಮುಟ್ಟಿಸುತ್ತಿದ್ದರು. ಎರಡೂ ಕಚೇರಿಗಳಲ್ಲಿ ಒಂದೇ ಪಟ್ಟಿ ಇರಬೇಕು, ಅಷ್ಟೇ ಷರತ್ತು. ಒಂದು ಕಡೆ ಹಳೆಯ ಪಟ್ಟಿ, ಇನ್ನೊಂದು ಕಡೆ ಹೊಸತು ಇದ್ದರೆ ಮದುವೆ ಮನೆಗೆ ಪರೀಕ್ಷೆ ಪಾಸಾದ ಶುಭಾಶಯ ಬಂದೀತು.

ಕಂಪ್ಯೂಟರಿನೊಳಗೂ ಇದೇ ಕತೆ. ಪ್ರೋಗ್ರಾಂ ಓಡುತ್ತಿರುವಾಗ 'ವಿದ್ಯಾರ್ಥಿ' ಎಂಬ ಒಂದು ವಸ್ತು, ಅಂದರೆ ಆಬ್ಜೆಕ್ಟ್, ಅದರ ಮೆಮೊರಿಯಲ್ಲಿ ಇರುತ್ತದೆ. ಹೆಸರು ಒಂದು ಮೂಲೆಯಲ್ಲಿ, ಅಂಕಗಳು ಇನ್ನೊಂದು ಮೂಲೆಯಲ್ಲಿ, ಅಲ್ಲಿಂದಿಲ್ಲಿಗೆ 'ಅದು ಆ ವಿಳಾಸದಲ್ಲಿದೆ' ಎಂಬ ಕೈಕಂಬಗಳು. ಈ ವಿಳಾಸಗಳು ಆ ಯಂತ್ರದೊಳಗೆ, ಆ ಹೊತ್ತಿಗೆ ಮಾತ್ರ ಸತ್ಯ. ಇದನ್ನು ಡಿಸ್ಕಿನಲ್ಲಿ ಉಳಿಸಬೇಕೆಂದರೆ ಅಥವಾ ಇನ್ನೊಂದು ಯಂತ್ರಕ್ಕೆ ಕಳಿಸಬೇಕೆಂದರೆ ಎಲ್ಲವನ್ನೂ ಬಿಚ್ಚಿ, ಒಂದರ ಹಿಂದೆ ಒಂದು ಅಕ್ಷರವಾಗಿ ಸಾಲಾಗಿ ನಿಲ್ಲಿಸಬೇಕು. ಸೀರಿಯಲ್ ಎಂದರೆ ಸಾಲು ತಾನೇ. ಆ ಕಡೆ ಮುಟ್ಟಿದ ಮೇಲೆ ಸಾಲನ್ನು ಓದಿ ಮತ್ತೆ ವಸ್ತುವನ್ನು ಕಟ್ಟುವುದು ಇದರ ವಿರುದ್ಧ ಕೆಲಸ. ಅದನ್ನು ಡೀಸೀರಿಯಲೈಸೇಶನ್ ಎನ್ನುತ್ತಾರೆ.

ಸಾಲಿನ ಶಿಸ್ತು ಹೇಗಿರಬೇಕು? 1998ರಲ್ಲಿ ಎಕ್ಸ್‌ಎಂಎಲ್ ಎಂಬ ಪದ್ಧತಿ ಬಂತು, ಇಂದಿಗೂ ಇದೆ. ಅದಕ್ಕಿಂತ ಸರಳವಾದದ್ದು ಜೇಸನ್. ಅಮೆರಿಕದ ಡಗ್ಲಸ್ ಕ್ರಾಕ್‌ಫರ್ಡ್ ಎಂಬವರು 2000ದ ದಶಕದ ಆರಂಭದಲ್ಲಿ ಇದನ್ನು ಬಳಕೆಗೆ ತಂದರು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಮೊದಲೇ ಇದ್ದದ್ದನ್ನು ತಾವು ಗುರುತಿಸಿದ್ದಷ್ಟೇ, ಸೃಷ್ಟಿಸಿದ್ದಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. 2013ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಅಂಗಡಿ ಇಟ್ಟಿರುವ ಪೋಷಕರು ಜಿಎಸ್‌ಟಿ ಲೆಕ್ಕವನ್ನು ಆಫ್‌ಲೈನ್ ಸಲಕರಣೆಯಲ್ಲಿ ತಯಾರಿಸಿ ಏರಿಸುವ ಕಡತ ಇದೆಯಲ್ಲ, ಅದು ಜೇಸನ್ ಕಡತವೇ. ನೋಡಲು ಹೀಗಿರುತ್ತದೆ:

{ "ಹೆಸರು": "ಕಾವೇರಿ", "ಎಸ್‌ಟಿಡಿ": "080", "ಅಂಕಗಳು": [88, 91, 79] }

ಉದ್ಧರಣ ಚಿಹ್ನೆಯೊಳಗೆ ಇದ್ದರೆ ಅಕ್ಷರಮಾಲೆ, ಹಾಗೇ ಇದ್ದರೆ ಸಂಖ್ಯೆ, ಚೌಕದ ಆವರಣದಲ್ಲಿದ್ದರೆ ಪಟ್ಟಿ, ಹೂವಿನ ಆವರಣದಲ್ಲಿದ್ದರೆ ವಸ್ತು. ಇವುಗಳ ಜೊತೆಗೆ ಹೌದು, ಅಲ್ಲ, ಖಾಲಿ ಎಂಬ ಮೂರು ಪದಗಳು. ಇಡೀ ವ್ಯಾಕರಣ ಇಷ್ಟೇ. ಹೈಸ್ಕೂಲ್ ಮಕ್ಕಳು ಅರ್ಧ ಗಂಟೆಯಲ್ಲಿ ಕಲಿಯಬಹುದು.

ಈಗ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ದಿನಾಂಕ ಎಲ್ಲಿದೆ? ಇಲ್ಲ! ಜೇಸನ್‌ಗೆ ದಿನಾಂಕವೆಂಬ ಜಾತಿಯೇ ಗೊತ್ತಿಲ್ಲ. ನಮ್ಮ ಹುಡುಗಿಯ ಜನ್ಮದಿನ ಜಾರಿದ್ದು ಈ ಸಂದಿನಲ್ಲೇ.

*

ಕ್ಯಾಲೆಂಡರಿನಲ್ಲಿ ತಂದೆ ಐದನ್ನು ಒತ್ತಿದಾಗ ಬ್ರೌಸರಿನೊಳಗಿನ ಜಾವಾಸ್ಕ್ರಿಪ್ಟ್ ಏನು ಮಾಡಿತು? ಆ ಭಾಷೆಯ 'ಡೇಟ್' ಎಂಬ ವಸ್ತು ನಿಜವಾಗಿ ದಿನವನ್ನು ಇಟ್ಟುಕೊಳ್ಳುವುದಿಲ್ಲ, ಒಂದು ಕ್ಷಣವನ್ನು ಇಟ್ಟುಕೊಳ್ಳುತ್ತದೆ. 1970ರ ಜನವರಿ 1ರ ಮಧ್ಯರಾತ್ರಿಯಿಂದ ಗ್ರೀನಿಚ್ ಲೆಕ್ಕದಲ್ಲಿ ಎಷ್ಟು ಮಿಲಿಸೆಕೆಂಡುಗಳಾದವು ಎಂಬ ಒಂದೇ ಒಂದು ಸಂಖ್ಯೆ. 'ಜೂನ್ 5' ಎಂದಷ್ಟೇ ಹೇಳಿದರೆ ಆ ದಿನ ಶುರುವಾದ ಕ್ಷಣವನ್ನು, ಅಂದರೆ ಭಾರತದ ಗಡಿಯಾರದಲ್ಲಿ ಮಧ್ಯರಾತ್ರಿ ಹನ್ನೆರಡನ್ನು, ಅದು ಹಿಡಿದುಕೊಳ್ಳುತ್ತದೆ. ಇಲ್ಲಿಯವರೆಗೆ ಏನೂ ಕೆಟ್ಟಿಲ್ಲ.

ಮೂಟೆ ಕಟ್ಟುವ ಸಮಯ ಬಂತು. ಜೇಸನ್‌ನಲ್ಲಿ ದಿನಾಂಕಕ್ಕೆ ಜಾಗವಿಲ್ಲದ್ದರಿಂದ ಜಾವಾಸ್ಕ್ರಿಪ್ಟ್ ತಾನಾಗಿಯೇ ಅದನ್ನು ಅಕ್ಷರಮಾಲೆಯಾಗಿ ಬರೆಯುತ್ತದೆ. ಬರೆಯುವುದು ಗ್ರೀನಿಚ್ ಸಮಯದಲ್ಲಿ. ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ಜೂನ್ 5ರ ಮಧ್ಯರಾತ್ರಿ ಹನ್ನೆರಡಾದಾಗ ಅಲ್ಲಿ ಇನ್ನೂ ಜೂನ್ 4ರ ಸಂಜೆ ಆರೂವರೆ. ಹಾಗಾಗಿ ಮೂಟೆಯ ಮೇಲಿನ ಬರಹ ಹೀಗಾಯಿತು:

"2009-06-04ಟಿ18:30:00.000ಜೆಡ್"

ಕೊನೆಯ 'ಜೆಡ್' ಎಂದರೆ ಗ್ರೀನಿಚ್ ಲೆಕ್ಕ ಎಂಬ ಗುರುತು. ಕ್ಷಣದ ಲೆಕ್ಕದಲ್ಲಿ ಇದರಲ್ಲಿ ತಿಲಮಾತ್ರವೂ ತಪ್ಪಿಲ್ಲ. ಆದರೆ ಆ ಕಡೆಯ ಕಚೇರಿಯ ಪ್ರೋಗ್ರಾಂ ಬರೆದವರು 'ನಮಗೆ ಗಂಟೆ ನಿಮಿಷ ಯಾಕೆ' ಎಂದು ಮೊದಲ ಹತ್ತು ಅಕ್ಷರಗಳನ್ನಷ್ಟೇ ಕತ್ತರಿಸಿ ಇಟ್ಟುಕೊಂಡರು. 2009-06-04. ಹುಡುಗಿ ಒಂದು ದಿನ ಮೊದಲೇ ಹುಟ್ಟಿಬಿಟ್ಟಳು.

ಗಮನಿಸಿ: ಲಂಡನ್ನಿನಲ್ಲಿ ಕೂತು ಪರೀಕ್ಷಿಸಿದವರಿಗೆ ಚಳಿಗಾಲದ ದಿನಾಂಕಗಳಲ್ಲಿ ಈ ದೋಷ ಕಾಣುವುದೇ ಇಲ್ಲ. ನ್ಯೂಯಾರ್ಕಿನವರಿಗೂ ಅಷ್ಟೆ, ಅಲ್ಲಿಯ ಮಧ್ಯರಾತ್ರಿ ಗ್ರೀನಿಚ್‌ನಲ್ಲಿ ಅದೇ ದಿನದ ಮುಂಜಾವು, ಆದ್ದರಿಂದ ಮೊದಲ ಹತ್ತು ಅಕ್ಷರ ಕತ್ತರಿಸಿದರೂ ದಿನ ಸರಿಯಾಗಿಯೇ ಬರುತ್ತದೆ. ಗ್ರೀನಿಚ್‌ನ ಪೂರ್ವಕ್ಕಿರುವ ನಮಗೇ ಈ ಶಿಕ್ಷೆ. ಪಶ್ಚಿಮದವರಿಗೆ ತಿರುಗು ಪಯಣದಲ್ಲಿ ಬೇರೆ ಶಿಕ್ಷೆ ಕಾದಿದೆ. "2009-06-05" ಎಂಬ ಬರಿಯ ದಿನಾಂಕವನ್ನು ಜಾವಾಸ್ಕ್ರಿಪ್ಟಿಗೆ ಓದಲು ಕೊಟ್ಟರೆ ಅದು ಗ್ರೀನಿಚ್ ಮಧ್ಯರಾತ್ರಿ ಎಂದು ತಿಳಿಯುತ್ತದೆ. ಬೆಂಗಳೂರಿನಲ್ಲಿ ಅದು ಜೂನ್ 5ರ ಬೆಳಗ್ಗೆ ಐದೂವರೆ, ತೊಂದರೆಯಿಲ್ಲ. ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಪರದೆಯಲ್ಲಿ ಮಾತ್ರ ಜೂನ್ 4ರ ರಾತ್ರಿ!

ಇನ್ನೊಂದು ಮೋಜಿನ ವಿಷಯ. ಎರಡನೇ ಮಹಾಯುದ್ಧದ ಸಮಯದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಆಗ ನಾವು ಗ್ರೀನಿಚ್‌ಗಿಂತ ಆರೂವರೆ ಗಂಟೆ ಮುಂದೆ. ಆ ವರ್ಷಗಳಲ್ಲಿ ಹುಟ್ಟಿದ ಅಜ್ಜಿಯ ಜನ್ಮದಿನವನ್ನು 'ಐದೂವರೆ ಗಂಟೆ ಕೂಡಿಸಿದರೆ ಸರಿಹೋಗುತ್ತದೆ' ಎಂಬ ಅಂದಾಜಿನಲ್ಲಿ ತಿದ್ದಲು ಹೊರಟವರು ರಾತ್ರಿ ಹನ್ನೊಂದಕ್ಕೆ ಬಂದು ನಿಲ್ಲುತ್ತಾರೆ, ಹಿಂದಿನ ದಿನಕ್ಕೆ. ಪಿಂಚಣಿ ಕೊಡುವ ಕಚೇರಿಗಳಿಗೆ ಇದು ಬರಿಯ ಮೋಜಲ್ಲ.

ಹಾಗಾದರೆ ದಾರಿ? ಗಂಟೆ ಕೂಡಿಸುವುದು, ಕಳೆಯುವುದು ದಾರಿಯಲ್ಲ. ಜನ್ಮದಿನವೆಂಬುದು ಕ್ಷಣವೇ ಅಲ್ಲ, ಗೋಡೆಯ ಕ್ಯಾಲೆಂಡರಿನ ಒಂದು ಚೌಕ. ಅದಕ್ಕೆ ಗಂಟೆಯೂ ಇಲ್ಲ, ದೇಶವೂ ಇಲ್ಲ. ಆದ್ದರಿಂದ ಪ್ರೋಗ್ರಾಮಿನಲ್ಲಿ 'ಜನ್ಮದಿನ' ಎಂಬ ಬೇರೆಯದೇ ಜಾತಿಯನ್ನು ಮಾಡಿ, ವರ್ಷ, ತಿಂಗಳು, ದಿನ ಎಂಬ ಮೂರು ಸಂಖ್ಯೆಗಳನ್ನಷ್ಟೇ ಅದರಲ್ಲಿಟ್ಟು, ಮೂಟೆ ಕಟ್ಟುವಾಗ "2009-06-05" ಎಂದೇ ಬರೆಯಬೇಕು, ಬಿಚ್ಚುವಾಗ ಅದೇ ಮೂರು ಸಂಖ್ಯೆಗಳಾಗಿ ಒಡೆಯಬೇಕು ಎಂಬ ವಿಧಿಯನ್ನು ನೀವೇ ಬರೆದುಕೊಡಬೇಕು. ವರ್ಷ ಮೊದಲು, ದಿನ ಕೊನೆಗೆ ಎಂಬ ಈ ಕ್ರಮಕ್ಕೆ 1988ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಮುದ್ರೆ ಒತ್ತಿದೆ. 03/04/1998 ಎಂದು ಬರೆದರೆ ನಮಗೆ ಏಪ್ರಿಲ್ ಮೂರು, ಅಮೆರಿಕದವರಿಗೆ ಮಾರ್ಚ್ ನಾಲ್ಕು. ಆ ಗೊಂದಲಕ್ಕೂ ಇಲ್ಲಿ ಎಡೆಯಿಲ್ಲ.

ಹೀಗೆ ಸ್ವಂತ ವಿಧಿ ಬರೆದುಕೊಡಲು ಎಲ್ಲ ಭಾಷೆಗಳಲ್ಲೂ ಒಂದು ಕಿಂಡಿ ಇಟ್ಟಿದ್ದಾರೆ. ಜಾವಾಸ್ಕ್ರಿಪ್ಟಿನಲ್ಲಿ ನಿಮ್ಮ ವಸ್ತುವಿಗೆ 'ಟು-ಜೇಸನ್' ಎಂಬ ಹೆಸರಿನ ಒಂದು ಕ್ರಿಯೆಯನ್ನು ಸೇರಿಸಿದರೆ, ಮೂಟೆ ಕಟ್ಟುವವನು ಮೊದಲು ಅದನ್ನು ಕೇಳುತ್ತಾನೆ. ಬಿಚ್ಚುವಾಗ 'ರಿವೈವರ್' ಎಂಬ ಕ್ರಿಯೆಯನ್ನು ಜೊತೆಗೆ ಕೊಡಬಹುದು. ಪೈಥಾನ್‌ನಲ್ಲಿ ಕಟ್ಟಲು 'ಡಿಫಾಲ್ಟ್', ಬಿಚ್ಚಲು 'ಆಬ್ಜೆಕ್ಟ್ ಹುಕ್'. ಜಾವಾದಲ್ಲಿ 'ರೈಟ್ ಆಬ್ಜೆಕ್ಟ್', 'ರೀಡ್ ಆಬ್ಜೆಕ್ಟ್'. ಹೆಸರು ಬೇರೆ, ತತ್ವ ಒಂದೇ: ಕಟ್ಟುವ ವಿಧಿ ಬದಲಾಯಿಸಿದರೆ ಬಿಚ್ಚುವ ವಿಧಿಯನ್ನೂ ಜೋಡಿಯಾಗಿ ಬದಲಾಯಿಸಬೇಕು. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಮೊದಲರ್ಧ ಇರುತ್ತದೆ, ಎರಡನೆಯದು 'ಆಮೇಲೆ ಬರೆದರಾಯಿತು' ಎಂದು ಉಳಿದುಹೋಗಿರುತ್ತದೆ.

ದಿನಾಂಕದ ವಿಷಯದಲ್ಲಿ ಪೈಥಾನ್ ನನಗೆ ಹೆಚ್ಚು ಇಷ್ಟ. ದಿನಾಂಕವನ್ನು ಜೇಸನ್ ಮಾಡು ಎಂದು ಸುಮ್ಮನೆ ಕೊಟ್ಟರೆ 'ಇದನ್ನು ಹೇಗೆ ಬರೆಯಬೇಕೋ ತಿಳಿಯದು' ಎಂದು ಕೆಲಸ ನಿಲ್ಲಿಸಿಬಿಡುತ್ತದೆ. ಹೊಸಬರಿಗೆ ಕಿರಿಕಿರಿ, ನಿಜ. ಆದರೆ ಕೇಳದೆಯೇ ಉಪಕಾರ ಮಾಡಿ ಜೂನ್ ಐದನ್ನು ನಾಲ್ಕು ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

*

ದಿನಾಂಕದ ನಂತರದ ಅಪಾಯ ಸಂಖ್ಯೆಯದು. ಮೇಲಿನ ಉದಾಹರಣೆಯಲ್ಲಿ ಬೆಂಗಳೂರಿನ 080ಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದನ್ನು ನೋಡಿದಿರಾ? ಸಂಖ್ಯೆಯೆಂದು ಇಟ್ಟಿದ್ದರೆ ಮುಂದಿನ ಸೊನ್ನೆ ಉದುರಿ 80 ಆಗುತ್ತಿತ್ತು. ಸೊನ್ನೆಯಿಂದ ಶುರುವಾಗುವ ಸಂಖ್ಯೆ ಜೇಸನ್ ವ್ಯಾಕರಣದಲ್ಲಿ ನಿಷಿದ್ಧ ಕೂಡ. ಕೆಲವು ಬ್ಯಾಂಕುಗಳ ಖಾತೆ ಸಂಖ್ಯೆಗಳೂ ಸೊನ್ನೆಯಿಂದ ಶುರುವಾಗುತ್ತವೆ. ಶಾಲೆಯ ಕಚೇರಿಯಲ್ಲಿ ಮಕ್ಕಳ ಖಾತೆಗಳ ಪಟ್ಟಿಯನ್ನು ಎಕ್ಸೆಲ್ ಹಾಳೆಯಲ್ಲಿ ಹಾಗೇ ಬೆರಳಚ್ಚು ಮಾಡಿದರೆ ಸೊನ್ನೆ ಮಾಯ. ಖಾತೆ ಸಂಖ್ಯೆ ಹದಿನಾರು ಅಂಕಿಯದಾದರೆ ಕೊನೆಯ ಅಂಕಿಯೂ ಸೊನ್ನೆಯಾಗುತ್ತದೆ, ಏಕೆಂದರೆ ಎಕ್ಸೆಲ್ ಸಂಖ್ಯೆಗಳಲ್ಲಿ ಹದಿನೈದು ಅಂಕಿಗಳನ್ನಷ್ಟೇ ನಿಖರವಾಗಿ ಹಿಡಿದಿಡುತ್ತದೆ. ಹಣ ಯಾರ ಖಾತೆಗೂ ಹೋಗದೆ ಹಿಂತಿರುಗಿದರೆ ಅದೃಷ್ಟ.

ಜಾವಾಸ್ಕ್ರಿಪ್ಟಿಗೂ ಇಂಥ ಒಂದು ಮಿತಿಯಿದೆ. 9007199254740991 ಎಂಬುದು ಅದು ತಪ್ಪದೆ ಎಣಿಸಬಲ್ಲ ಕೊನೆಯ ಪೂರ್ಣಸಂಖ್ಯೆ. ಎರಡರ ಐವತ್ಮೂರನೇ ಘಾತದಲ್ಲಿ ಒಂದು ಕಡಿಮೆ. ಅದಕ್ಕೆ 9007199254740993 ಎಂದು ಬರೆದ ಜೇಸನ್ ಕೊಟ್ಟು ನೋಡಿ, ಓದಿಕೊಂಡು ಹೇಳುವುದು 9007199254740992. ದೂರು ಇಲ್ಲ, ಎಚ್ಚರಿಕೆ ಇಲ್ಲ. 2010ರಲ್ಲಿ ಟ್ವಿಟರ್, ಇಂದಿನ ಎಕ್ಸ್, ತನ್ನ ಸಂದೇಶಗಳಿಗೆ ಕೊಡುವ ಕ್ರಮಸಂಖ್ಯೆಗಳನ್ನು ಉದ್ದ ಮಾಡಿದಾಗ ಎದುರಾದದ್ದು ಇದೇ ಸಮಸ್ಯೆ. ಕೊನೆಯ ಅಂಕಿಗಳು ಬದಲಾದರೆ ಬೇರೆ ಯಾರದೋ ಸಂದೇಶ ತೆರೆದುಕೊಂಡೀತು. ಅವರು ಕಂಡುಕೊಂಡ ಉಪಾಯ ಸರಳ. ಅದೇ ಕ್ರಮಸಂಖ್ಯೆಯನ್ನು ಎರಡು ಸಲ ಕಳಿಸತೊಡಗಿದರು, ಒಮ್ಮೆ ಸಂಖ್ಯೆಯಾಗಿ, ಇನ್ನೊಮ್ಮೆ ಉದ್ಧರಣ ಚಿಹ್ನೆಯೊಳಗೆ ಅಕ್ಷರಮಾಲೆಯಾಗಿ.

ಮಕ್ಕಳಿಗೆ ಒಂದು ಸುಲಭ ಪರೀಕ್ಷೆ ಹೇಳಿಕೊಡಬಹುದು. ಆ ಸಂಖ್ಯೆಯನ್ನು ಯಾರಾದರೂ ಕೂಡುತ್ತಾರೆಯೇ, ಕಳೆಯುತ್ತಾರೆಯೇ? ಅಂಕಗಳನ್ನು ಕೂಡುತ್ತೇವೆ, ಅದು ಸಂಖ್ಯೆ. ದೂರವಾಣಿ, ಖಾತೆ, ಆಧಾರ್, ನೋಂದಣಿ ಸಂಖ್ಯೆಗಳನ್ನು ಯಾರೂ ಕೂಡುವುದಿಲ್ಲ. ಅವು ಅಂಕಿಯ ವೇಷದಲ್ಲಿರುವ ಹೆಸರುಗಳು, ಚಿಹ್ನೆಯೊಳಗೇ ಇರಲಿ.

ಯಂತ್ರ ತಾನೇ ಊಹಿಸಿದರೆ ಏನಾಗುತ್ತದೆ ಎಂಬುದಕ್ಕೆ ಜೀವಶಾಸ್ತ್ರದಿಂದ ಒಂದು ಉದಾಹರಣೆ. ಮನುಷ್ಯನ ವಂಶವಾಹಿಗಳಲ್ಲಿ ಕೆಲವಕ್ಕೆ 'ಸೆಪ್ಟ್ 1', 'ಮಾರ್ಚ್ 1' ಎಂಬಂಥ ಚುಟುಕು ಹೆಸರುಗಳಿದ್ದವು. ಎಕ್ಸೆಲ್ ಇವನ್ನು ಕಂಡೊಡನೆ ಸೆಪ್ಟೆಂಬರ್ ಒಂದು, ಮಾರ್ಚ್ ಒಂದು ಎಂದು ದಿನಾಂಕ ಮಾಡಿಬಿಡುತ್ತಿತ್ತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ವಂಶವಾಹಿಗಳ ಎಕ್ಸೆಲ್ ಪಟ್ಟಿಗಳನ್ನು ಲಗತ್ತಿಸಿದ್ದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪು ಸೇರಿಕೊಂಡಿತ್ತು. ಕೊನೆಗೆ 2020ರಲ್ಲಿ ಹೆಸರಿಡುವ ಸಮಿತಿ ವಂಶವಾಹಿಗಳ ಹೆಸರನ್ನೇ ಬದಲಿಸಿತು. ಈಗ ಅವು 'ಸೆಪ್ಟಿನ್ 1', 'ಮಾರ್ಚ್‌ಎಫ್ 1'. ತಂತ್ರಾಂಶವನ್ನು ಬಗ್ಗಿಸಲಾಗದೆ ವಿಜ್ಞಾನವೇ ಬಗ್ಗಿತು!

*

ನಮ್ಮ ಹೆಸರುಗಳ ಕತೆ ಬೇರೆ. ಕನ್ನಡಿಗರಲ್ಲಿ ಎಷ್ಟೋ ಜನಕ್ಕೆ ಅಡ್ಡಹೆಸರಿಲ್ಲ. ಊರಿನ, ಅಪ್ಪನ ಹೆಸರಿನ ಮೊದಲಕ್ಷರ ಅಷ್ಟೇ. ಫಾರಂ ಕೇಳುವುದು ಮಾತ್ರ ಮೊದಲ ಹೆಸರು, ಕೊನೆಯ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. 'ಮೊದಲ ಹೆಸರು ತಿಳಿಯದು' ಎಂಬುದರ ಸಂಕ್ಷೇಪ ಅದು. ಮುಂದೆ ಬ್ಯಾಂಕು, ಆಸ್ಪತ್ರೆ ಎಲ್ಲೆಡೆ ಅದನ್ನೇ ಹೆಸರೆಂದು ಕೂಗುತ್ತಾರೆ.

ಖಾಲಿ ಜಾಗಕ್ಕೂ ಅರ್ಥವಿದೆ ಎಂಬುದನ್ನು ಮೂಟೆ ಕಟ್ಟುವವರು ಮರೆತರೆ ಹೀಗಾಗುತ್ತದೆ. ಜೇಸನ್‌ನಲ್ಲಿ ಅಡ್ಡಹೆಸರಿನ ಜಾಗದಲ್ಲಿ ಏನೂ ಇಲ್ಲದ ಎರಡು ಉದ್ಧರಣ ಚಿಹ್ನೆ ಇಡಬಹುದು: 'ಕೇಳಿದೆವು, ಅವರಿಗೆ ಅಡ್ಡಹೆಸರಿಲ್ಲ'. 'ನಲ್' ಎಂಬ ಖಾಲಿ ಪದ ಇಡಬಹುದು: 'ಇದೆಯೋ ಇಲ್ಲವೋ ಗೊತ್ತಿಲ್ಲ'. ಅಥವಾ ಆ ಸಾಲನ್ನೇ ಬಿಡಬಹುದು: 'ನಾವು ಕೇಳೇ ಇಲ್ಲ'. ಮೂರೂ ಬೇರೆ ಬೇರೆ. ಯಾವುದಕ್ಕೆ ಯಾವ ಅರ್ಥವೆಂದು ಎರಡೂ ಕಡೆಯವರು ಮೊದಲೇ ಮಾತಾಡಿಕೊಂಡಿರಬೇಕು, ಅಷ್ಟೇ. ಮಾತಾಡಿಕೊಂಡಿರುವುದಿಲ್ಲ ಎಂಬುದು ಬೇರೆ ಮಾತು.

ಕನ್ನಡ ಅಕ್ಷರಗಳ ಬಗ್ಗೆ ಭಯ ಬೇಡ. ಪೈಥಾನ್‌ನಲ್ಲಿ ಮೊದಲ ಬಾರಿ ಕನ್ನಡವನ್ನು ಜೇಸನ್ ಮಾಡಿದ ವಿದ್ಯಾರ್ಥಿಗಳು 'ಅಕ್ಷರವೆಲ್ಲ ಹಾಳಾಯಿತು' ಎಂದು ಗಾಬರಿಯಾಗುತ್ತಾರೆ, ಏಕೆಂದರೆ ಪ್ರತಿ ಅಕ್ಷರದ ಬದಲು ಒಂದು ಓರೆಗೆರೆ, ಅದರ ಹಿಂದೆ ಐದು ಇಂಗ್ಲಿಷ್ ಅಕ್ಷರ-ಅಂಕಿಗಳು ಕಾಣುತ್ತವೆ. ಹಾಳಾಗಿಲ್ಲ, ಯುನಿಕೋಡ್ ಸಂಖ್ಯೆಯಲ್ಲಿ ಬರೆದಿದೆ. ಓದುವವನು ಸರಿಯಾಗಿಯೇ ಓದುತ್ತಾನೆ. 'ಕನ್ನಡ' ಎಂಬ ಪದದಲ್ಲಿ ವಿರಾಮದಂಥ ಗುರುತುಗಳನ್ನೂ ಎಣಿಸುವ ಯುನಿಕೋಡ್ ಲೆಕ್ಕದಲ್ಲಿ ಕ, ನ, ವಿರಾಮ, ನ, ಡ ಎಂಬ ಐದು ಸಂಕೇತಗಳು. ಹೀಗೆ ಬರೆದರೆ ಮೂವತ್ತು ಅಕ್ಷರ ಹಿಡಿಯುತ್ತದೆ, ನೇರವಾಗಿ ಕನ್ನಡದಲ್ಲೇ ಬರೆದರೆ ಹದಿನೈದು ಬೈಟ್. ಒಂದು ಚಿಕ್ಕ ಆಯ್ಕೆ ಬದಲಿಸಿದರೆ ಪೈಥಾನ್ ಕನ್ನಡದಲ್ಲೇ ಬರೆಯುತ್ತದೆ. ಕಡತ ಮನುಷ್ಯರ ಕಣ್ಣಿಗೂ ಕಾಣಬೇಕಲ್ಲ, ಬದಲಿಸಿಕೊಳ್ಳಿ.

*

ಎಲ್ಲವನ್ನೂ ಮೂಟೆಗೆ ತುಂಬಬೇಕಾಗಿಯೂ ಇಲ್ಲ. ವಿದ್ಯಾರ್ಥಿಯ ವಸ್ತುವಿನಲ್ಲಿ ಗುಪ್ತಪದವಿದ್ದರೆ ಅದು ಹೊರಗೆ ಹೋಗಲೇಬಾರದು. ಜಾವಾದಲ್ಲಿ ಆ ಅಂಶದ ಮುಂದೆ 'ಟ್ರಾನ್ಸಿಯೆಂಟ್' ಎಂದು ಬರೆದರೆ ಆ ಭಾಷೆಯ ಸ್ವಂತ ಮೂಟೆ ಕಟ್ಟುವ ವ್ಯವಸ್ಥೆ ಅದನ್ನು ಬಿಟ್ಟುಬಿಡುತ್ತದೆ. ಕೆಲವನ್ನು ಮುಸುಕು ಹಾಕಿ ಕಳಿಸಬಹುದು. ಮುಸುಕಿನ ಆಧಾರ್ ಪ್ರತಿಯಲ್ಲಿ ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುವಂತೆ. ಪೋಷಕರೂ ಕೇಳಬಹುದಾದ ಪ್ರಶ್ನೆ ಇದು. ಮಗುವಿನ ಮಾಹಿತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವಾಗ ಬೇಕಾದದ್ದಷ್ಟೇ ಹೋಗುತ್ತಿದೆಯೇ, ಅಥವಾ ಇದ್ದದ್ದೆಲ್ಲ ಹೋಗುತ್ತಿದೆಯೇ?

ಬಿಚ್ಚುವ ಕಡೆ ಇದಕ್ಕಿಂತ ದೊಡ್ಡ ಅಪಾಯವಿದೆ. ಪೈಥಾನ್‌ನಲ್ಲಿ ಜೇಸನ್ ಅಲ್ಲದೆ ಇನ್ನೊಂದು ಮೂಟೆ ಪದ್ಧತಿಯಿದೆ. ಅದರ ಹೆಸರು ಪಿಕಲ್, ಸಾಕ್ಷಾತ್ ಉಪ್ಪಿನಕಾಯಿ! ವಸ್ತುಗಳನ್ನು ಕೆಡದಂತೆ ಜಾಡಿಯಲ್ಲಿಡುವುದು ಎಂಬ ಕಲ್ಪನೆ. ಯಾವ ವಸ್ತುವನ್ನಾದರೂ ಹೆಚ್ಚು ತಕರಾರಿಲ್ಲದೆ ಹಾಕಿಡುತ್ತದೆ. ಆದರೆ ಜಾಡಿ ತೆರೆಯುವಾಗ ಅದರೊಳಗಿನ ಆದೇಶಗಳನ್ನೂ ಅದು ಪಾಲಿಸುತ್ತದೆ. ದುಷ್ಟನೊಬ್ಬ ಕಟ್ಟಿದ ಜಾಡಿಯನ್ನು ತೆರೆದರೆ ನಿಮ್ಮ ಯಂತ್ರ ಅವನು ಹೇಳಿದ್ದನ್ನು ಮಾಡುತ್ತದೆ. ನಂಬಿಕಸ್ಥರಿಂದ ಬಂದದ್ದನ್ನು ಬಿಟ್ಟು ಬೇರೆ ಯಾವ ಜಾಡಿಯನ್ನೂ ತೆರೆಯಬೇಡಿ ಎಂದು ಪೈಥಾನ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಜಾವಾದ ಮೂಲ ವ್ಯವಸ್ಥೆಯೂ 1997ರಿಂದ ಇದೇ ರೀತಿಯದು. 2015ರಲ್ಲಿ ಬಹಳ ಕಡೆ ಬಳಕೆಯಲ್ಲಿದ್ದ ಒಂದು ಜಾವಾ ಸಂಗ್ರಹವನ್ನು ಬಳಸಿಕೊಂಡು ಹೀಗೆಯೇ ಸರ್ವರುಗಳ ಒಳಗೆ ನುಗ್ಗಬಹುದೆಂದು ತೋರಿಸಿದಾಗ ದೊಡ್ಡ ಕೋಲಾಹಲವಾಯಿತು.

ಜಾವಾದ ಇನ್ನೊಂದು ವಿಚಿತ್ರವಿದೆ. ಸಾಮಾನ್ಯವಾಗಿ ಹೊಸ ವಸ್ತು ಹುಟ್ಟುವಾಗ 'ಕನ್‌ಸ್ಟ್ರಕ್ಟರ್' ಎಂಬ ಹೆಬ್ಬಾಗಿಲಿನಿಂದ ಬರಬೇಕು. ವಯಸ್ಸು ಸೊನ್ನೆಗಿಂತ ಕಡಿಮೆಯಿದ್ದರೆ ಅಲ್ಲೇ ತಡೆಯುತ್ತೀರಿ. ಮೂಟೆಯಿಂದ ಬಿಚ್ಚಿಕೊಳ್ಳುವ ವಸ್ತು ಆ ಬಾಗಿಲಿಗೆ ಬರುವುದೇ ಇಲ್ಲ, ಹಿತ್ತಲಿನಿಂದ ನೇರ ಅಡುಗೆಮನೆಗೆ! ನಿಮ್ಮ 'ರೀಡ್ ಆಬ್ಜೆಕ್ಟ್' ವಿಧಿಯಲ್ಲಿ ಅದೇ ತಪಾಸಣೆಯನ್ನು ಮತ್ತೆ ಬರೆಯದಿದ್ದರೆ ಮೈನಸ್ ಐದು ವರ್ಷದ ವಿದ್ಯಾರ್ಥಿ ಒಳಗೆ ಕೂತಿರುತ್ತಾನೆ.

ಇನ್ನು ಪಟ್ಟಿ ಹಳತಾಗುವ ಪ್ರಶ್ನೆ. ಈ ವರ್ಷ ಅರ್ಜಿಯಲ್ಲಿ 'ತಾಯಿಯ ಹೆಸರು' ಎಂಬ ಅಂಶ ಹೊಸದಾಗಿ ಸೇರಿತು ಎನ್ನಿ. ಕಳೆದ ವರ್ಷದ ಕಡತಗಳಲ್ಲಿ ಅದು ಇಲ್ಲ. ಬಿಚ್ಚುವವನು ಸಿಟ್ಟಾಗಬೇಕೇ, ಸುಮ್ಮನಿರಬೇಕೇ? ಇಲ್ಲದ್ದನ್ನು ಖಾಲಿಯೆಂದು ತಿಳಿ, ಗೊತ್ತಿಲ್ಲದ್ದು ಬಂದರೆ ಮುಟ್ಟದೆ ಬಿಡು ಎಂದು ವಿಧಿ ಬರೆಯುವವರೇ ಹೆಚ್ಚು. ಗೂಗಲ್ ಸಂಸ್ಥೆ 2008ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ 'ಪ್ರೋಟೊಕಾಲ್ ಬಫರ್' ಎಂಬ ಪದ್ಧತಿಯಲ್ಲಿ ಹೆಸರುಗಳ ಬದಲು ಸಂಖ್ಯೆಗಳನ್ನು ಕಳಿಸುತ್ತಾರೆ, ಥೇಟ್ ಶುಭಾಶಯದ ತಂತಿಯ ಹಾಗೆ. ಅಲ್ಲಿನ ಕಟ್ಟಳೆ: ಒಂದು ಅಂಶವನ್ನು ಕೈಬಿಟ್ಟರೂ ಅದರ ಸಂಖ್ಯೆಯನ್ನು ಮುಂದೆ ಇನ್ನಾವುದಕ್ಕೂ ಕೊಡಬಾರದು. ಮದುವೆ ಮನೆಯ ಫಜೀತಿ ನೆನಪಿದೆಯಲ್ಲ.

*

ಮನೆಯಲ್ಲಿ ಕಂಪ್ಯೂಟರ್ ಇರುವ ಮಕ್ಕಳು ಈ ಭಾನುವಾರ ಒಂದು ಪ್ರಯೋಗ ಮಾಡಿ ನೋಡಬಹುದು. ಪೈಥಾನ್‌ನಲ್ಲಿ ಒಬ್ಬ ಕಲ್ಪಿತ ವಿದ್ಯಾರ್ಥಿಯ ವಸ್ತು ಮಾಡಿ. ಹೆಸರು ಕನ್ನಡದಲ್ಲಿರಲಿ, ಅಡ್ಡಹೆಸರು ಖಾಲಿಯಿರಲಿ, ಜನ್ಮದಿನ ಜೂನ್ 5, ಎಸ್‌ಟಿಡಿ ಸಂಖ್ಯೆ 080, ನೋಂದಣಿ ಸಂಖ್ಯೆ 9007199254740993. ಅದನ್ನು ಜೇಸನ್ ಮಾಡಿ, ಮತ್ತೆ ಓದಿ, ಮ��ಲದೊಡನೆ ಹೋಲಿಸಿ. ದಿನಾಂಕಕ್ಕೆ ವಿಧಿ ಬರೆಯುವವರೆಗೆ ಪೈಥಾನ್ ಮುಂದೆ ಹೋಗುವುದಿಲ್ಲ. ಬರೆದ ಮೇಲೆ ಎಲ್ಲವೂ ಸರಿಯಾಗಿ ತಿರುಗಿ ಬರುತ್ತದೆ. ಪೈಥಾನ್ ಎಷ್ಟು ದೊಡ್ಡ ಪೂರ್ಣಸಂಖ್ಯೆಯನ್ನಾದರೂ ಎಣಿಸುತ್ತದೆ, ಹಾಗಾಗಿ ನೋಂದಣಿ ಸಂಖ್ಯೆಯನ್ನು ಚಿಹ್ನೆಯಿಲ್ಲದೆ ಬರೆದಿದ್ದರೂ ಪಾಸು. ಅಷ್ಟಕ್ಕೇ ಪುಸ್ತಕ ಮುಚ್ಚಬೇಡಿ. ಅದೇ ಕಡತವನ್ನು ಬ್ರೌಸರಿನ ಜಾವಾಸ್ಕ್ರಿಪ್ಟಿಗೆ ಓದಲು ಕೊಡಿ, ಅಲ್ಲಿಂದ ಮತ್ತೆ ಬರೆಸಿ, ಪೈಥಾನ್‌ಗೆ ತಂದು ಹೋಲಿಸಿ. ಎಲ್ಲಿ ಏನು ಬದಲಾಯಿತು ಎಂದು ಪಟ್ಟಿ ಮಾಡಿ. ಆಮೇಲೆ ಕಂಪ್ಯೂಟರಿನ ಗಡಿಯಾರದ ಊರನ್ನು ಕೋಲ್ಕತ್ತಾದಿಂದ ನ್ಯೂಯಾರ್ಕಿಗೆ ಬದಲಿಸಿ ಇನ್ನೊಮ್ಮೆ.

ಪೋಷಕರಿಗೂ ಒಂದು ಮಾತು. ಯಾವುದೇ ಅರ್ಜಿಯನ್ನು ಕಳಿಸುವ ಮುಂಚೆ ಕಾಣುವ ಪರದೆಯನ್ನಲ್ಲ, ಕಳಿಸಿದ ನಂತರ ತಿರುಗಿ ಬರುವ ಪ್ರತಿಯನ್ನು ಅಂಕಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಮೊದಲನೆಯದು ನೀವು ತುಂಬಿದ್ದು, ಎರಡನೆಯದು ಅವರಿಗೆ ಮುಟ್ಟಿದ್ದು. ತಾರೀಕು ಒಂದು ದಿನ ಹಿಂದಿದ್ದರೆ ಮುಂದಿನ ದಿನವನ್ನು ಒತ್ತಿ 'ಸರಿಮಾಡಲು' ಹೋಗಬೇಡಿ. ಅವರು ನಾಳೆ ದೋಷ ಸರಿಪಡಿಸಿದರೆ ನಿಮ್ಮ ಮಗಳು ಜೂನ್ ಆರಕ್ಕೆ ಹುಟ್ಟಿರುತ್ತಾಳೆ. ಪ್ರತಿಯನ್ನು ಇಟ್ಟುಕೊಂಡು, ತುಂಬಿದ್ದೇನು ಬಂದದ್ದೇನು ಎರಡನ್ನೂ ಬರೆದು, ಸಹಾಯವಾಣಿಗೆ ಅಂದೇ ದೂರು ಕೊಟ್ಟು ಅದರ ಸಂಖ್ಯೆಯನ್ನು ಪಡೆದಿಟ್ಟುಕೊಳ್ಳಿ. 'ಐದೂವರೆ ಗಂಟೆಯ ವ್ಯತ್ಯಾಸ ಇರಬಹುದು ನೋಡಿ' ಎಂಬ ಒಂದು ಸಾಲು ಸೇರಿಸಿದರೆ ಆ ಕಡೆಯ ಪ್ರೋಗ್ರಾಮರ್‌ಗೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.